ಡಿಬಾರ್ ಆದ ಮೇಲೆ

ಪರೀಕ್ಷಾ ಕೊಠಡಿಯಲ್ಲಿ ಚೀಟಿ ಸಿಕ್ಕಮೇಲೆ ನಡೆಯುವುದೆಲ್ಲ ಹೆಚ್ಚೆಂದರೆ ಕಾಲು ಗಂಟೆಯ ಕೆಲಸ. ಸ್ಕ್ವಾಡಿನವರು ಉತ್ತರಪತ್ರಿಕೆ ತೆಗೆದುಕೊಳ್ಳುತ್ತಾರೆ. ಹುಡುಗಿಯನ್ನು ಮುಖ್ಯ ಅಧೀಕ್ಷಕರ ಕೋಣೆಗೆ ಕರೆದೊಯ್ಯುತ್ತಾರೆ. ಮೇಜಿನ ಮೇಲೆ ಒಂದು ಬಿಳಿ ಹಾಳೆ. "ತಪ್ಪಾಗೈತ್ರಿ ಅಂತ ಬರದು ಸಹಿ ಮಾಡವ್ವಾ, ಇಲ್ಲಿಗೇ ಮುಗಸೋಣು" ಎಂದು ಯಾರೋ ಮೆತ್ತಗೆ ಹೇಳುತ್ತಾರೆ. ಹದಿನಾರು ವರ್ಷದ ಹುಡುಗಿ ಬರೆಯುತ್ತಾಳೆ. ಚೀಟಿ ತನ್ನದಾಗಿದ್ದರೂ ಬರೆಯುತ್ತಾಳೆ, ಹಿಂದಿನ ಬೆಂಚಿನಿಂದ ಬಂದು ತನ್ನ ಕಾಲ ಬುಡಕ್ಕೆ ಬಿದ್ದದ್ದಾಗಿದ್ದರೂ ಬರೆಯುತ್ತಾಳೆ. ಆ ಹೊತ್ತಿಗೆ ಅವಳಿಗೆ ಬೇಕಾಗಿರುವುದು ಆ ಕೋಣೆಯಿಂದ ಹೊರಗೆ ಬೀಳುವುದೊಂದೇ. ಆ ಹಾಳೆ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ನಕಲು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಓದಿ ಬರೆದವರ ಅನ್ನಕ್ಕೆ ಅದು ಕೈ ಹಾಕುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಅದೇ ಕ್ಯಾಮೆರಾದ ಕೆಳಗೆ ಕುಳಿತು, ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಮೆಳ್ಳಿಗೇರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿಯೊಬ್ಬಳು 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೇ ಮೊದಲಿಗಳಾದಳು. ಆ ಹುಡುಗಿಯ ಶ್ರಮಕ್ಕೆ ಬೆಲೆ ಉಳಿಯಬೇಕಾದರೆ ಕಾವಲು ಬೇಕೇಬೇಕು. ಇಲ್ಲಿ ಕೇಳುತ್ತಿರುವುದು ಬೇರೆ ಪ್ರಶ್ನೆ. ಸಿಕ್ಕಿಬಿದ್ದ ಮಗುವಿನ ಶಿಕ್ಷೆ ಎಲ್ಲಿಗೆ ಮುಗಿಯುತ್ತದೆ?

ಆದೇಶದ ಕಾಗದದಲ್ಲಿ ಅದು ಒಂದು ಪರೀಕ್ಷೆಗೋ ಎರಡಕ್ಕೋ ಮುಗಿಯುತ್ತದೆ. ಊರಿನಲ್ಲಿ ಮುಗಿಯುವುದಿಲ್ಲ. ಪರೀಕ್ಷೆಯಿಂದ ಹೊರಗಿಡುವುದು ಎಂಬರ್ಥದ 'ಡಿಬಾರ್' ಎಂಬ ಇಂಗ್ಲಿಷ್ ಮಾತು ನಮ್ಮ ಹಳ್ಳಿಗಳಲ್ಲಿ ಹೆಸರಿನ ಹಿಂದೆ ಅಡ್ಡಹೆಸರಿನಂತೆ ಅಂಟಿಕೊಳ್ಳುತ್ತದೆ. ಫಲಿತಾಂಶ 'ತಡೆಹಿಡಿಯಲಾಗಿದೆ' ಎಂದು ಬಂದರೆ ಅಂಕಪಟ್ಟಿ ಇಲ್ಲ, ಅಂಕಪಟ್ಟಿ ಇಲ್ಲದೆ ಪ್ರವೇಶ ಇಲ್ಲ, ಪ್ರವೇಶ ಇಲ್ಲದೆ ವಿದ್ಯಾರ್ಥಿವೇತನವೂ ಹಾಸ್ಟೆಲೂ ಇಲ್ಲ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ನಿಜ. ಆದರೆ ವಿಚಾರಣೆ ಬೇಗ ಮುಗಿದರೆ ಮಾತ್ರ ಆ ಅನುಕೂಲ ಕೈಗೆ ಸಿಗುವುದು. ಅಷ್ಟರೊಳಗೆ ಬಾದಾಮಿ ಕಡೆಯ ಹಳ್ಳಿಯ ಹುಡುಗಿಗೆ ಮನೆಯಲ್ಲಿ ವರ ನೋಡಲು ಶುರುಮಾಡಿರುತ್ತಾರೆ. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡುವ ರೂಢಿ ಈ ಜಿಲ್ಲೆಯಲ್ಲಿ ಇನ್ನೂ ಅಳಿದಿಲ್ಲ. ಹುನಗುಂದ, ಇಳಕಲ್ಲ ಕಡೆಯ ಹುಡುಗ ಗ್ರಾನೈಟ್ ಕ್ವಾರಿಗೋ ಮಗ್ಗಕ್ಕೋ ಹೋಗಿರುತ್ತಾನೆ, ಇಲ್ಲವೇ ಗೋವಾ, ಮಂಗಳೂರಿನ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತಿರುತ್ತಾನೆ. ಇದನ್ನು ಯಾವ ಪರೀಕ್ಷಾ ಮಂಡಳಿಯೂ ಶಿಕ್ಷೆ ಎಂದು ಬರೆದಿಲ್ಲ. ಆದರೂ ನಿಜವಾದ ಶಿಕ್ಷೆ ಇದೇ.

ಹಾಗೂ ಹೀಗೂ ಓದು ಮುಂದುವರಿಸಿದ ಹುಡುಗನಿಗೆ ಇನ್ನೊಂದು ಬಾಗಿಲಲ್ಲಿ ಆ ಹಾಳೆ ಎದುರಾಗುತ್ತದೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದವರು ತುಂಬಿಕೊಡುವ ದೃಢೀಕರಣ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಯಾವುದಾದರೂ ಪರೀಕ್ಷೆಯಿಂದ ನಿಮ್ಮನ್ನು ಎಂದಾದರೂ ಡಿಬಾರ್ ಮಾಡಲಾಗಿದೆಯೇ? ಆ 'ಎಂದಾದರೂ' ಎಂಬ ಮಾತಿಗೆ ಕಾಲಮಿತಿ ಇಲ್ಲ. ಹೌದು ಎಂದರೆ ಅಧಿಕಾರಿಯ ಹುಬ್ಬು ಮೇಲೇರುತ್ತದೆ. ಇಲ್ಲ ಎಂದರೆ ಸುಳ್ಳು ಹೇಳಿದ ತಪ್ಪಿಗೆ ಕೆಲಸವೇ ಹೋಗಬಹುದು. ಹದಿನಾರರಲ್ಲಿ ಮಾಡಿದ ಸಹಿಗೆ ಇಪ್ಪತ್ತೈದರಲ್ಲಿ ಉತ್ತರ ಕೊಡಬೇಕಾಗುತ್ತದೆ.

ಹೀಗಿರುವಾಗ ಆರೋಪ ನಿಜವೋ ಸುಳ್ಳೋ ಎಂದು ನೋಡುವ ಕೆಲಸ ಕಾಲು ಗಂಟೆಯಲ್ಲಿ ಮುಗಿಯಬಾರದು. ಸುಪ್ರೀಂ ಕೋರ್ಟು ಇದನ್ನು 1962ರಲ್ಲೇ ಹೇಳಿದೆ. ಉತ್ತರ ಪ್ರದೇಶದ ಮೂವರು ಹುಡುಗರು 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ದ್ವಿತೀಯ ದರ್ಜೆಯಲ್ಲಿ ಪಾಸಾಗಿ ಮುಂದಿನ ತರಗತಿಗೆ ಸೇರಿದ್ದರು. ಡಿಸೆಂಬರಿನಲ್ಲಿ ಮನೆಗೆ ಸುದ್ದಿ ಬಂತು: ಫಲಿತಾಂಶ ರದ್ದಾಗಿದೆ, 1955ರ ಪರೀಕ್ಷೆಗೂ ಕೂರುವಂತಿಲ್ಲ. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಘನಶ್ಯಾಮ್ ದಾಸ್ ಗುಪ್ತ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ನಿಯಮದಲ್ಲಿ ಬರೆದಿರಲಿ ಬಿಡಲಿ, ಇಷ್ಟು ದೊಡ್ಡ ಪರಿಣಾಮದ ತೀರ್ಮಾನ ಮಾಡುವ ಮೊದಲು ವಿದ್ಯಾರ್ಥಿಯ ಮಾತು ಕೇಳಲೇಬೇಕು. ಅವರು ಗೆದ್ದರು. ಆದರೆ ಆ ಅಂತಿಮ ತೀರ್ಪು ಬಂದದ್ದು ಎಂಟನೆಯ ವರ್ಷಕ್ಕೆ. ಇಡೀ ಕೇಂದ್ರವೇ ಸಾಮೂಹಿಕ ನಕಲಿನಲ್ಲಿ ತೊಡಗಿದಾಗ ಒಬ್ಬೊಬ್ಬರನ್ನೇ ಕೇಳಬೇಕಾಗಿಲ್ಲ ಎಂದು 1970ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿದ್ದೂ ಉಂಟು. ಆದರೆ ಒಬ್ಬ ಹುಡುಗನನ್ನು ಬೆರಳು ತೋರಿಸಿ ಕರೆದಾಗ ಆ ವಿನಾಯಿತಿ ಅನ್ವಯಿಸುವುದಿಲ್ಲ.

ನಮ್ಮ ನೆಲಕ್ಕೆ ಈ ಮಾತು ಹೊಸದಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ, ಬಿಜ್ಜಳನ ಭಂಡಾರಿಯಾಗಿದ್ದಾಗ ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂಬ ದೂರು ಅರಸನ ಕಿವಿಗೆ ಬಿತ್ತು. ಬಸವಪುರಾಣದ ಕಥೆ ಹೇಳುವಂತೆ, ಲೆಕ್ಕ ಕೇಳಲಾಯಿತು, ಹಣ ಎಣಿಸಲಾಯಿತು, ಒಂದು ಹಣವೂ ಕಡಿಮೆ ಇರಲಿಲ್ಲ. ದೂರು ಕೊಟ್ಟವರ ಮಾತಿಗೇ ತೀರ್ಪು ಬರೆಯದೆ ಎಣಿಸಿ ನೋಡಿದರು ಎಂಬುದು ನನಗೆ ಆ ಕಥೆಯಲ್ಲಿ ಬಹಳ ಹಿಡಿಸುವ ಭಾಗ. ಇವತ್ತು ಎಣಿಸಿ ನೋಡಲು ನಮ್ಮಲ್ಲಿ ಸಾಧನಗಳೂ ಇವೆ. ಚೀಟಿಯ ಕೈಬರಹ ಇದೆ, ಚೀಟಿಯಲ್ಲಿರುವ ವಿಷಯ ಉತ್ತರಪತ್ರಿಕೆಯಲ್ಲಿ ಬಂದಿದೆಯೇ ಎಂದು ನೋಡಬಹುದು, ಕ್ಯಾಮೆರಾದ ದೃಶ್ಯ ತೆಗೆಸಬಹುದು. ಕ್ಯಾಮೆರಾ ತಪ್ಪು ಹಿಡಿಯುವುದಕ್ಕೆ ಮಾತ್ರ ಅಲ್ಲ, ತಪ್ಪಿಲ್ಲದವರನ್ನು ಬಿಡಿಸುವುದಕ್ಕೂ ಹೌದು.

ಮಾಡುವ ಮೊದಲೇ ಕಳ್ಳರೆಂದು ನೋಡುವ ಕಣ್ಣೂ ನಮ್ಮಲ್ಲಿದೆ. ಅಕ್ಟೋಬರ್ 2019ರಲ್ಲಿ ಹಾವೇರಿಯ ಪಿಯು ಕಾಲೇಜೊಂದರಲ್ಲಿ ನಕಲು ತಡೆಯಲೆಂದು ಮಕ್ಕಳ ತಲೆಗೆ ರಟ್ಟಿನ ಡಬ್ಬಿ ಹಾಕಿಸಿ ಪರೀಕ್ಷೆ ಬರೆಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಕಾಲೇಜು ಆಮೇಲೆ ಕ್ಷಮೆ ಕೇಳಿತು.

ಈಗ ಆರೋಪ ಹೊರಿಸುವ ಕೆಲಸಕ್ಕೆ ಯಂತ್ರವೂ ಬಂದಿದೆ. 2014ರಲ್ಲಿ ಬ್ರಿಟನ್ನಿನಲ್ಲಿ ವೀಸಾಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯ ವಂಚನೆಯೊಂದು ಬಿಬಿಸಿಯಿಂದ ಬಯಲಾದಾಗ, ಪರೀಕ್ಷೆ ನಡೆಸಿದ ಕಂಪನಿ ಧ್ವನಿ ಪರಿಶೀಲನೆ ಮಾಡಿ 58 ಸಾವಿರ ಪರೀಕ್ಷೆಗಳಲ್ಲಿ ಶೇ 97 ಅನುಮಾನಾಸ್ಪದ ಎಂದಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ಹೋಯಿತು. ಅವರಲ್ಲಿ ಭಾರತೀಯರು ಬಹಳ. ತಾವು ಮೋಸ ಮಾಡಿಲ್ಲ ಎಂದು ತೋರಿಸಲು ಕೆಲವರು ವರ್ಷಗಟ್ಟಲೆ ಕೋರ್ಟು ಅಲೆದರು, ಹಲವರು ಗೆದ್ದರು. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಎಐ ಬರಹ ಪತ್ತೆ ಮಾಡುವ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತ ಕೈಯಿಂದ ಬರೆದ ಟೋಫೆಲ್ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹ ಎಂದುಬಿಟ್ಟವು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಸೇರಿ, ಗೊತ್ತಿರುವ ನಾಲ್ಕು ಸರಳ ಇಂಗ್ಲಿಷ್ ಪದಗಳಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಹುಡುಗನ ಬರಹವೂ ಈ ಜಾತಿಯದೇ. ಸಂಶೋಧನಾ ಬರಹದ ಮಟ್ಟಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ವಿವೇಕದ್ದು: ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗಿದ್ದರೆ ಶಿಕ್ಷೆಯಿಲ್ಲ, 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು.

ಇನ್ನು ನಿಜವಾಗಿಯೂ ತಪ್ಪು ಮಾಡಿದ ಮಗುವಿನ ಮಾತು. ಇಳಕಲ್ಲದ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತವನ್ನೋ ತಂಬಾಕನ್ನೋ ಆ ಜೋಳಿಗೆಗೆ ಹಾಕಿದವನು ಅದನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ವಯಸ್ಸಾದ ಕುಡುಕನಿಗೆ ಇಂಥ ದಾರಿ ತೋರಿದ ಊರಿನಲ್ಲಿ ಹದಿನಾರರ ಮಗುವಿಗೆ ದಾರಿ ಇರಬಾರದೇ? 2015ರ ಬಾಲನ್ಯಾಯ ಕಾಯ್ದೆ ಕಳ್ಳತನ ಮಾಡಿದ ಬಾಲಕನಿಗೂ ಹೊಸ ಬದುಕಿನ ಹಕ್ಕು ಕೊಡುತ್ತದೆ. ಆ ತಪ್ಪಿನಿಂದ ಅವನು ಮುಂದೆ ಅನರ್ಹನಾಗುವಂತಿಲ್ಲ, ದಾಖಲೆಗಳನ್ನೂ ನಾಶಮಾಡಬೇಕು ಎನ್ನುತ್ತದೆ. ಜಾಮಿಟ್ರಿ ಬಾಕ್ಸಿನಲ್ಲಿ ಚೀಟಿ ಇಟ್ಟವನು ಅವನಿಗಿಂತ ದೊಡ್ಡ ಅಪರಾಧಿಯಲ್ಲ. ಶಿಕ್ಷೆ ಮುಗಿದ ದಿನ ದಾಖಲೆಯೂ ಮುಗಿಯಬೇಕು. ಅಂಥ ನಿಯಮ ಪರೀಕ್ಷಾ ಮಂಡಳಿಯಲ್ಲೂ ವಿಶ್ವವಿದ್ಯಾಲಯಗಳಲ್ಲೂ ಬರಲಿ.

ಅಲ್ಲಿಯವರೆಗೆ ತಂದೆತಾಯಿ ಮಾಡಬೇಕಾದ್ದು ಕೆಲವಿದೆ. ಹೇಳಿಕೆಯಲ್ಲಿ ನಡೆದಷ್ಟನ್ನೇ ಬರೆಯಬೇಕು, ಬರೆದದ್ದರ ಪ್ರತಿ ಕೇಳಬೇಕು ಎಂದು ಮಗುವಿಗೆ ಪರೀಕ್ಷೆಗೆ ಮೊದಲೇ ತಿಳಿಸಿ. ವಿಚಾರಣೆಯ ನೋಟಿಸು ಬಂದರೆ ತಪ್ಪದೆ ಹೋಗಿ. 2011ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗಿದೆ. ಕಾಲೇಜು ಮಕ್ಕಳಿಗೆ ಯುಜಿಸಿಯ 2023ರ ನಿಯಮದಂತೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ.

ಇದೆಲ್ಲ ಮರುದಿನದ ಕೆಲಸ. ಆ ಸಂಜೆ ಮಗು ಮನೆಗೆ ಬಂದಾಗ ಹೊಡೆಯಬೇಡಿ, ನೆರೆಯವರ ಮುಂದೆ ಬೈಯಬೇಡಿ, ಊಟ ಮಾಡಿಸಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ. ಮಗು ಮಾತೇ ಆಡದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ. ಆ ರಾತ್ರಿ ಅದನ್ನು ಒಂಟಿಯಾಗಿ ಬಿಡಬೇಡಿ.