ಒಳಮಡಿಕೆ

ದೀಪಾವಳಿ ಸಮೀಪಿಸಿತೆಂದರೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮೊದಲು ಕೇಳಿಬರುತ್ತಿದ್ದುದು ಅವ್ವನ ಹೊಲಿಗೆ ಯಂತ್ರದ ಸದ್ದು. ಹಗಲೆಲ್ಲ ಮನೆಗೆಲಸ ತೀರಿಸಿ, ನಾವು ಮಲಗಿದ ಮೇಲೆ ಅವಳು ಯಂತ್ರದ ಮುಂದೆ ಕುಳಿತುಕೊಳ್ಳುವಳು. ಆ ಸದ್ದನ್ನು ಕೇಳುತ್ತ ನಿದ್ರೆಹೋಗುತ್ತಿದ್ದ ನಮಗೆ ಹಬ್ಬ ಹತ್ತಿರವಾದುದನ್ನು ತಿಳಿಯಲು ಪಂಚಾಂಗ ಬೇಕಾಗಿರಲಿಲ್ಲ.

ನಾವು ಮೂವರು ಅಕ್ಕತಂಗಿಯರು. ಮೂವರಿಗೂ ಒಂದೇ ತಾನಿನ ಬಟ್ಟೆ. ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಅಷ್ಟಿಷ್ಟು ಉಳಿಯುವುದು. ದೊಡ್ಡವಳ ಫ್ರಾಕಿನಲ್ಲಿ ಮಿಕ್ಕ ತುಂಡು ಚಿಕ್ಕವಳ ತೋಳಿಗೆ ಒದಗುವುದು. ಅವ್ವ ಕಳೆದ ವರ್ಷದ ಫ್ರಾಕನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆಯೆಳೆದು, ಗೆರೆಯಿಂದ ಒಂದಿಷ್ಟು ಹೊರಗೆ ಕತ್ತರಿ ಹಾಕುವಳು. ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಿಚಿ, ಆ ಮಡಿಕೆಯನ್ನು ಮಾತ್ರ ಕೈಯಿಂದ ಸಡಿಲವಾಗಿ ಹೊಲಿಯುವಳು. ಏಕೆಂದು ಕೇಳಿದರೆ, “ಈ ವರ್ಷದ ಮೈಗಿ ಹೊಲಿದ್ರ ಬರೂ ವರ್ಷ ಏನ್ ಹಾಕ್ಕೋತಿ?” ಎನ್ನುವಳು. ಮರುವರ್ಷ ಹೊಲಿಗೆ ಬಿಚ್ಚಿದಾಗ ಮಾಸಿದ ಬಣ್ಣದ ಕೆಳಗೆ ನಾಲ್ಕು ಬೆರಳು ಹೊಚ್ಚಹೊಸ ಬಣ್ಣ! ನಡುವೆ ಉಳಿಯುವ ಹಳೆಯ ಗೆರೆಯನ್ನು ಮರೆಸಲು ಅವಳು ಲೇಸು ಹಚ್ಚುತ್ತಿದ್ದಳು.

ನನಗೆ ಆ ಗೆರೆ ನಾಚಿಕೆಯ ವಸ್ತುವಾಗಿತ್ತು. ಪ್ರತಿ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ಹುಮನಾಬಾದಿನ ಸೋದರಮಾವನ ಮನೆಗೆ ಹೋಗುತ್ತಿದ್ದೆವು. ಒಂದು ವರ್ಷ, ಹೈದರಾಬಾದಿನಿಂದ ರೆಡಿಮೇಡ್ ಫ್ರಾಕು ತರಿಸಿಕೊಂಡಿದ್ದ ಓರಗೆಯವಳೊಬ್ಬಳು ನಮ್ಮನ್ನು ಕಂಡು, “ಬ್ಯಾಂಡಿನವರು ಬಂದ್ರು” ಎಂದು ನಕ್ಕಳು. ಇನ್ನು ನೀನು ಹೊಲಿದುದನ್ನು ತೊಡುವುದಿಲ್ಲವೆಂದು ಆ ರಾತ್ರಿ ಅವ್ವನಿಗೆ ಹೇಳಿಬಿಟ್ಟೆ. ಅವಳು ಮಾತಾಡಲಿಲ್ಲ.

ಮರುದಿನ ಜಾತ್ರೆಯ ಸಂದಣಿಯಲ್ಲಿ ಕಿರಿಯ ತಂಗಿ ನನ್ನ ಕೈಯಿಂದ ತಪ್ಪಿಸಿಕೊಂಡಳು. ಅಳುತ್ತ ಅಲೆಯುತ್ತಿದ್ದ ನನ್ನನ್ನು ಬಳೆಯಂಗಡಿಯ ಮುದುಕಿಯೊಬ್ಬಳು ತಡೆದು, ಫ್ರಾಕಿನ ಅಂಚನ್ನು ಹಿಡಿದು ನೋಡಿ, “ಇದೇ ಅರಿವಿ ಹಾಕ್ಕೊಂಡ ಕೂಸು ನಮ್ಮ ಅಂಗಡ್ಯಾಗ ಕುಂತದ” ಎಂದಳು. ಆಕೆಗೆ ನಮ್ಮ ಹೆಸರು ತಿಳಿಯದು, ಊರು ತಿಳಿಯದು. ಬಟ್ಟೆಯ ಗುರುತು ಸಾಕಾಗಿತ್ತು.

ಆದರೂ ನನ್ನ ಹಟ ಇಳಿಯಲಿಲ್ಲ. ಮುಂದಿನ ದೀಪಾವಳಿಗೆ ಅವ್ವ ತಂಗಿಯರಿಗೆ ಹೊಲಿದಳು. ನನಗೆ ಅಂಗಡಿಯ ಉಡುಪು ತಂದಳು. ಬಯಸಿದುದು ದೊರೆತಿತ್ತು. ಆದರೆ ತಂಗಿಯರ ನಡುವೆ ನಿಂತಾಗ ನಾನು ನೆರೆಮನೆಯ ಹುಡುಗಿಯಂತೆ ಕಾಣುತ್ತಿದ್ದೆ.

1924ರಲ್ಲಿ ಯಂತ್ರಗಳ ಬಗ್ಗೆ ಪ್ರಶ್ನೆ ಬಂದಾಗ ಗಾಂಧೀಜಿಯವರು ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವೆಂದು ಎಣಿಸಿದರು. ಅದರ ಹುಟ್ಟಿಗೆ ಪ್ರೀತಿಯೇ ಕಾರಣವೆಂದು ಅವರ ಭಾವನೆ. ನಮ್ಮ ಕಲ್ಯಾಣದ ಶರಣರಾದರೋ 12ನೆಯ ಶತಮಾನದಲ್ಲಿಯೇ ಸೂಜಿಗೂ ಕದಿರಿಗೂ ಕಾಯಕದ ಗೌರವವನ್ನು ಕೊಟ್ಟಿದ್ದರು. ತರಗತಿಯಲ್ಲಿ ವಚನಕಾರರ ಹೆಸರುಗಳನ್ನು ಹೇಳುತ್ತ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ಎಂಬಲ್ಲಿಗೆ ಬಂದಾಗ ನಾನು ಕೊಂಚ ತಡೆಯುತ್ತೇನೆ. ಕಾಯಕವೆಂಬ ಮಾತನ್ನು ನೂರಾರು ವಿದ್ಯಾರ್ಥಿಗಳಿಗೆ ವಿವರಿಸಿದ್ದೇನೆ. ಅದೇ ಊರಿನಲ್ಲಿ ನಡುರಾತ್ರಿಯವರೆಗೆ ಸೂಜಿ ಹಿಡಿದು ಕುಳಿತವಳಿಗೆ ಒಮ್ಮೆಯೂ ಹೇಳಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯಲ್ಲಿ ಆ ಜಾತ್ರೆಯ ಫ್ರಾಕು ಸಿಕ್ಕಿತು. ತಂಗಿಗೂ ಕೊಡದೆ ಮಡಿಸಿಟ್ಟಿದ್ದಳು. ಈಗ ಹುಮನಾಬಾದಿನ ನನ್ನ ಮನೆಯಲ್ಲಿ ಹತ್ತು ವರ್ಷದ ಮಗಳಿದ್ದಾಳೆ. ಈ ದೀಪಾವಳಿಗೆ ಅವಳ ಮೈಗೆ ಹಿಡಿದು ನೋಡಿದೆ, ಉದ್ದ ಸಾಲದು. ಕೈಹೊಲಿಗೆಯ ದಾರವನ್ನು ಒಂದೊಂದಾಗಿ ಬಿಚ್ಚಿದೆ. ಇಷ್ಟು ವರ್ಷ ಬೆಳಕು ಕಾಣದ ಬಣ್ಣ ಹೊರಬಿತ್ತು.

“ಅಜ್ಜಿ ಇಷ್ಟ್ಯಾಕ ಒಳಗ ಬಿಟ್ಟಿದ್ದಳವ್ವಾ?” ಎಂದು ಮಗಳು ಕೇಳಿದಳು.

“ನಾ ಬೆಳೀತೀನಿ ಅಂತ” ಎಂದೆ.