ಸಾಕಿದ ಬೆಕ್ಕಿನ ಆಹಾರ

ಜೋಳ ಮೆಕ್ಕೆಜೋಳಗಳ ಚೀಲವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ನಮ್ಮ ನ್ಯಾಮತಿಯ ಸೀಮೆಯವರಿಗೆ ಇದನ್ನು ಹೇಳಬೇಕಾದುದಿಲ್ಲ. ಆದರೆ ಆ ಪ್ರಾಣಿಗೆ ನಾವು ಇಕ್ಕುವುದು ಹಾಲನ್ನವನ್ನು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಗೂ ಸೇರಿರುವುದರಿಂದ, ಹಾಲೇ ಅದರ ಸಹಜಾಹಾರವೆಂದು ನಂಬಿಬಿಟ್ಟಿದ್ದೇವೆ.

ಕೆಲವು ವರ್ಷಗಳ ಕೆಳಗೆ ನಮ್ಮ ವಸತಿಗೃಹದ ಬಾಲಿಕೆಯರು ಒಂದು ಮರಿಯನ್ನು ತಂದು ಸಾಕಿದರು. ನಾಯಿಗಳ ಭಯದಿಂದ ಅದನ್ನು ಹೊರಗೆ ಬಿಡದೆ, ಹಾಲನ್ನವನ್ನು ಮಾತ್ರ ಬಹು ಪ್ರೀತಿಯಿಂದ ಉಣಿಸಿದರು. ನಾವೂ ಸಮ್ಮತಿಸಿದೆವು. ಎರಡು ವರ್ಷ ತುಂಬುವಷ್ಟರಲ್ಲಿ ಅದು ಬಾಗಿಲಿಗೆ ತಲೆ ತಾಗಿಸಿಕೊಳ್ಳತೊಡಗಿತು. ಪಶುವೈದ್ಯರು ನೋಡಿ, ಅಕ್ಷಿಪಟಲವು ಕ್ಷಯಿಸಿದೆ, ಹೋದ ದೃಷ್ಟಿ ಮರಳಿ ಬಾರದು ಎಂದರು.

ಇದಕ್ಕೆ ಕಾರಣವು ಟಾರಿನ್ ಎಂಬ ಪದಾರ್ಥದ ಕೊರತೆ. ಮನುಷ್ಯರೂ ಬಹುಪಾಲು ನಾಯಿಗಳೂ ಇದನ್ನು ತಮ್ಮ ದೇಹದಲ್ಲಿಯೇ ಉತ್ಪಾದಿಸಿಕೊಳ್ಳಬಲ್ಲರು. ಬೆಕ್ಕಿಗೆ ಸಾಕಾದಷ್ಟು ಉತ್ಪಾದಿಸುವ ಶಕ್ತಿಯಿಲ್ಲ. ಮಾಂಸ ಮೀನುಗಳಲ್ಲಿ ಇದು ಧಾರಾಳ, ಹಾಲಿನಲ್ಲಿ ಅತ್ಯಲ್ಪ, ಅನ್ನದಲ್ಲಿ ಇಲ್ಲವೇ ಇಲ್ಲ. ಇದರ ಅಭಾವದಿಂದ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯವೇ ದುರ್ಬಲವಾಗುವುದೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು.

ಹಾಗಾದರೆ ನಮ್ಮ ಅಜ್ಜಿಯರ ಬೆಕ್ಕುಗಳೇಕೆ ಕುರುಡಾಗಲಿಲ್ಲವೆಂದು ತಾಯಂದಿರು ಕೇಳಬಹುದು. ಅಜ್ಜಿಯು ತಟ್ಟೆಗೆ ಹಾಕಿದ್ದು ಬರಿಯ ಉಪಾಹಾರ. ಊಟವನ್ನು ಬೆಕ್ಕು ಕಣಜದ ಹಿಂದೆ ತಾನೇ ಸಂಪಾದಿಸುತ್ತಿತ್ತು. ಇಲಿಯೊಂದರಲ್ಲಿ ಸುಮಾರು 30 ಕ್ಯಾಲೊರಿಗಳುಂಟು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದುದು 200ರಿಂದ 250.

ಮಾಂಸವು ಹೊಸ್ತಿಲು ದಾಟದ ಮನೆಗಳ ಮಕ್ಕಳು ನಮ್ಮಲ್ಲಿ ಬಹುಮಂದಿ. ಅವರ ಆಚಾರವನ್ನು ನಾವು ಗೌರವಿಸುತ್ತೇವೆ. ಆದರೂ ಸತ್ಯವನ್ನು ಮರೆಮಾಡಲಾರೆವು. ಮೊಟ್ಟೆಯಿಂದ ಸಸಾರಜನಕ ದೊರೆತರೂ ಟಾರಿನ್ ಕೊರತೆ ತುಂಬದು. ಅಂಗಡಿಯಲ್ಲಿ ದೊರೆಯುವ ಪೂರ್ಣಾಹಾರದ ಒಣಕಾಳುಗಳಲ್ಲಿ ಟಾರಿನ್ ಸೇರಿಸಿರುತ್ತಾರೆ, ಆದರೆ ಸಾಮಾನ್ಯವಾಗಿ ಮಾಂಸವೋ ಮೀನೋ ಅವುಗಳಲ್ಲಿಯೂ ಇರುವುದು. ಅದೂ ಒಲ್ಲದವರು ಬೆಕ್ಕನ್ನು ಒಳಗೆ ಕೂಡಿಟ್ಟು ಸಾಕದಿರುವುದೇ ನ್ಯಾಯವೆಂದು ನಮ್ಮ ಅಭಿಪ್ರಾಯ.

ಅಭ್ಯಂತರವಿಲ್ಲದವರು ಪೂರ್ಣಾಹಾರದ ಜೊತೆಗೆ ಮುಳ್ಳು ತೆಗೆದ ಬೇಯಿಸಿದ ಮೀನನ್ನೋ ಕೋಳಿಮಾಂಸವನ್ನೋ ಉಪ್ಪಿಲ್ಲದೆ ಕೊಡಬಹುದು. ಟಾರಿನ್ ನೀರಿನಲ್ಲಿ ಕರಗುವುದರಿಂದ ಬೆಂದ ರಸವನ್ನು ಚೆಲ್ಲಬಾರದು. ಮೂಳೆಯಿಲ್ಲದ ಮಾಂಸವೊಂದೇ ಆದರೆ ಸುಣ್ಣದಂಶ ಸಾಲದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ನಾಶಪಡಿಸುವ ಕಾರಣ, ನಮ್ಮ ಸಾರಿನ ಚೂರುಗಳನ್ನು ಎಂದಿಗೂ ಇಡತಕ್ಕದ್ದಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗದೆ ಭೇದಿಯಾಗುವುದು. ಬಟ್ಟಲಲ್ಲಿ ಇಡಬೇಕಾದುದು ಶುದ್ಧವಾದ ನೀರು.

ನಮ್ಮ ಬೆಕ್ಕು ಈಗಲೂ ವಸತಿಗೃಹದಲ್ಲಿದೆ. ಅದರ ತಟ್ಟೆಯನ್ನು ಮಾತ್ರ ಬಾಲಿಕೆಯರು ಇಟ್ಟ ಸ್ಥಳದಿಂದ ಕದಲಿಸುವುದಿಲ್ಲ.