ಲೆಸ್ಲಿ ಪೆಟ್ಟಿಗೆಯೊಳಗೆ ತಿರುಗುವುದು ಏನು?

ಪ್ರಶ್ನೆ: ಹಳೆಯ ಹ್ಯಾಮಂಡ್ ಆರ್ಗನ್ ಜೊತೆಗಿಡುವ ಲೆಸ್ಲಿ ಪೆಟ್ಟಿಗೆಯಲ್ಲಿ ಸ್ಪೀಕರ್ ನಿಜಕ್ಕೂ ತಿರುಗುತ್ತದೆಯೇ? ಅದನ್ನು ಬೇಕಾದಂತೆ ಬದಲಿಸಿಕೊಳ್ಳಬಹುದೇ?

ಉತ್ತರ: 122, 147ರಂಥ ಹೆಸರಾಂತ ಮಾದರಿಗಳಲ್ಲಿ ಸ್ಪೀಕರ್ ಕೂತಲ್ಲೇ ಕೂತಿರುತ್ತದೆ. ತಿರುಗುವುದು ದನಿಯನ್ನು ಹೊರಗೆ ಚೆಲ್ಲುವ ಭಾಗ: ಮೇಲೆ ಎರಡು ಬಾಯಿಯ ಹಾರ್ನ್, ಕೆಳಗೆ 15 ಇಂಚಿನ ಸ್ಪೀಕರ್‌ನಡಿ ಒಂದು ಡ್ರಮ್. ತಮಾಷೆಯೆಂದರೆ, ಹಾರ್ನ್‌ನ ಒಂದು ಬಾಯಿಂದಷ್ಟೇ ಸದ್ದು ಬರುತ್ತದೆ. ಇನ್ನೊಂದು ಬರೀ ತೂಕ ಸರಿದೂಗಿಸಲು! ಬಾಯಿ ನಮ್ಮತ್ತ ಬರುವಾಗ ಶ್ರುತಿ ತುಸು ಏರುತ್ತದೆ, ಅತ್ತ ಸರಿದಾಗ ಇಳಿಯುತ್ತದೆ. ರೈಲಿನ ಸೀಟಿಯಲ್ಲಿ ಕೇಳುವ ಡಾಪ್ಲರ್ ಪರಿಣಾಮವೇ ಇದು. 1966ರಲ್ಲಿ ಬೀಟಲ್ಸ್ ತಂಡ ಜಾನ್ ಲೆನನ್ ಅವರ ಕಂಠವನ್ನೂ ಲೆಸ್ಲಿ ಪೆಟ್ಟಿಗೆಯೊಳಗೆ ಹಾಯಿಸಿತ್ತು.

ಬದಲಾವಣೆ ಧಾರಾಳವಾಗಿ ನಡೆದಿದೆ. ಹಾರ್ನ್‌ನ ಬಾಯಲ್ಲಿದ್ದು ದನಿಯನ್ನು ಚದುರಿಸುವ ಡಿಫ್ಲೆಕ್ಟರ್ ಕಿತ್ತರೆ ದನಿ ಹರಿತವಾಗುತ್ತದೆ. ನನಗಂತೂ ಅದು ಕಿವಿಗೆ ಚುಚ್ಚುತ್ತದೆ. 40 ವಾಟ್‌ನ ವಾಲ್ವ್ ಆಂಪ್ಲಿಫೈಯರ್ ರಾಕ್ ವೇದಿಕೆಗೆ ಸಾಲದೆಂದು ಅದನ್ನೇ ಬದಲಿಸಿದವರುಂಟು. ದಯವಿಟ್ಟು ಅದೊಂದನ್ನು ಮುಟ್ಟಬೇಡಿ, ಅದರ ಗೊಗ್ಗರು ದನಿಯೇ ಅರ್ಧ ಸೊಗಸು. ಜೋರು ಬೇಕಿದ್ದರೆ ಪೆಟ್ಟಿಗೆಯ ಮುಂದೆ ಮೈಕ್ ಇಡಿ.

ಅಮೆರಿಕದ ಪೆಟ್ಟಿಗೆಯನ್ನು ಇಲ್ಲಿಗೆ ತಂದರೆ ಟ್ರಾನ್ಸ್‌ಫಾರ್ಮರ್ ಬೇಕು, ಆದರೆ ಅದು ವೋಲ್ಟೇಜನ್ನಷ್ಟೇ ಇಳಿಸುತ್ತದೆ. ಅಲ್ಲಿನ ಕರೆಂಟ್ 60 ಹರ್ಟ್ಜ್, ನಮ್ಮದು 50. ಹಾಗಾಗಿ ಮೋಟಾರ್ ನಿಧಾನಿಸುತ್ತದೆ. ಬೆಲ್ಟನ್ನು ಮೋಟಾರ್ ಪುಲಿಯ ದೊಡ್ಡ ಮೆಟ್ಟಿಲಿಗೆ ಏರಿಸಿ ಸರಿಪಡಿಸಿಕೊಳ್ಳಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಆಂಪ್ಲಿಫೈಯರ್ ಬಿಚ್ಚುವ ಕೆಲಸ ವಾಲ್ವ್ ಬಲ್ಲ ಮೆಕ್ಯಾನಿಕ್‌ಗೇ ಇರಲಿ.